ತಿಪಟೂರಿಗೆ ಬಂದ ವಾರಂಟ್, ಅರಸೀಕೆರೆಯ ಕಡತ

ಶುಕ್ರವಾರ ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು. ತಿಪಟೂರಿನ ಹತ್ತಿರ ಇರುವ ತೋಟದ ಮನೆಗೆ ಪೊಲೀಸ್ ಪೇದೆಯೊಬ್ಬರು ಬಂದಿದ್ದರಂತೆ. ಚಿಕ್ಕಪ್ಪ ಆಗ ಮನೆಯಲ್ಲಿರಲಿಲ್ಲ. "ಯಜಮಾನರ ಹೆಸರಿಗೆ ಕೋರ್ಟ್ ವಾರಂಟ್ ಬಂದಿದೆ, ಸ್ಟೇಷನ್ ಹತ್ರ ಬಂದು ಹೋಗೋಕೆ ಹೇಳಿ" ಅಂದು ಪೇದೆ ಹೊರಟುಹೋಗಿದ್ದರು. ಯಾವ ಕೋರ್ಟು, ಯಾವ ಕೇಸು, ಏನೂ ಗೊತ್ತಿಲ್ಲ.

"ಟೀವಿಲಿ ದಿನಾ ತೋರಿಸ್ತಾರಲ್ಲಪ್ಪ, ಡಿಜಿಟಲ್ ಅರೆಸ್ಟು ಅಂತ. ಇದೂ ಅದೇ ಇರಬೇಕು. ನಿಮ್ಮ ಚಿಕ್ಕಪ್ಪ ಯಾರ ತಂಟೆಗೂ ಹೋದೋರಲ್ಲ" ಅಂದರು ಚಿಕ್ಕಮ್ಮ.

ಅವರ ಅನುಮಾನ ನ್ಯಾಯವಾದದ್ದೇ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಈ ಮೋಸದ ಬಗ್ಗೆ ಎಚ್ಚರಿಸಿದ್ದರು. ಡಿಜಿಟಲ್ ಅರೆಸ್ಟ್ ಎನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಾಟ್ಸಾಪಿನಲ್ಲಿ ಸೀಲು ಹೊಡೆದ ವಾರಂಟ್ ಕಳಿಸಿ, ವಿಡಿಯೋ ಕಾಲ್‌ನಲ್ಲಿ ಕೂರಿಸಿ, ಹಣ ಹಾಕು ಅನ್ನುವವರೆಲ್ಲ ಕಳ್ಳರೇ. ಅಂಥ ಕರೆ ಬಂದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆದರೆ ಇಲ್ಲಿ ಬಂದವರು ಸಮವಸ್ತ್ರದಲ್ಲಿ ಬಂದಿದ್ದರು. ಹಣ ಕೇಳಿರಲಿಲ್ಲ. ಠಾಣೆಗೆ ಬನ್ನಿ ಅಂದಿದ್ದರು ಅಷ್ಟೆ. ಇದು ನಿಜವೇ ಇರಬೇಕು ಅಂತ ನನಗೆ ಆಗಲೇ ಅನ್ನಿಸಿತು.

ಸಂಜೆ ಚಿಕ್ಕಪ್ಪ ಮಾತಿಗೆ ಸಿಕ್ಕರು. "ನನ್ನ ಮೇಲೆ ಯಾವ ಕೇಸೂ ಇಲ್ಲ ಕಣೋ. ಬೆಳಿಗ್ಗೆ ಎದ್ದು ಸ್ಟೇಷನ್‌ಗೆ ಹೋಗಿ ಕೇಳ್ಕೊಂಡ್ ಬರ್ತೀನಿ" ಅಂದರು. ನಾನು ತಡೆದೆ. ಮೊದಲು ಅದು ಎಂಥ ವಾರಂಟ್ ಅಂತ ಗೊತ್ತಾಗಬೇಕಿತ್ತು. ಜಾಮೀನು ಕೊಡಬಹುದಾದ ವಾರಂಟ್ ಆದರೆ ಠಾಣೆಯಲ್ಲೇ ಮುಚ್ಚಳಿಕೆ ಮತ್ತು ಜಾಮೀನುದಾರರನ್ನು ಕೊಟ್ಟು ಬರಬಹುದು. ಜಾಮೀನು ರಹಿತ ವಾರಂಟ್, ಅಂದರೆ ಎಲ್ಲರೂ ಎನ್‌ಬಿಡಬ್ಲ್ಯೂ ಅನ್ನುತ್ತಾರಲ್ಲ, ಅದಾದರೆ ಹಾಗೆ ಬಿಡುವ ಅಧಿಕಾರ ಪೊಲೀಸರಿಗೆ ಇರುವುದಿಲ್ಲ. ಹಿಡಿದು ಕೋರ್ಟಿನ ಮುಂದೆ ನಿಲ್ಲಿಸಬೇಕು. ಶನಿವಾರ ಸಂಜೆ ಹಾಗೇನಾದರೂ ಆದರೆ ಅರವತ್ತು ದಾಟಿದ ಮನುಷ್ಯನ ಗತಿ ಏನು? ಆ ರಾತ್ರಿ ನಾನು ಲ್ಯಾಪ್‌ಟಾಪ್ ಮುಂದೆ ಕೂತೆ.

ಒಂದು ವಿಷಯ ಬೇಗ ಅರ್ಥವಾಯಿತು. ಊರಿನ ಹೆಸರು ಹಾಕಿದರೆ ಅಲ್ಲಿಯವರ ಮೇಲಿರುವ ವಾರಂಟ್‌ಗಳೆಲ್ಲ ತೋರಿಸುವಂಥ ಪಟ್ಟಿ ಜನಸಾಮಾನ್ಯರಿಗೆ ಸಿಗುವುದಿಲ್ಲ. ವಾರಂಟ್ ಹುಡುಕಬೇಕು ಅಂದರೆ ಕೇಸ್ ಹುಡುಕಬೇಕು. ಕೇಸ್ ಸಿಕ್ಕರೆ ಅದರ ಒಳಗೆ ವಾರಂಟ್ ಸಿಗುತ್ತದೆ.

ಮೊದಲು ನೋಡಿದ್ದು ಕರ್ನಾಟಕ ಪೊಲೀಸರ ವೆಬ್‌ಸೈಟ್. ಎಫ್‌ಐಆರ್‌ಗಳನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಅಲ್ಲಿ ಚಿಕ್ಕಪ್ಪನ ಹೆಸರು ಸಿಗಲಿಲ್ಲ. ಆಮೇಲೆ ಇ-ಕೋರ್ಟ್ಸ್ ತೆರೆದೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ಕೇಸುಗಳನ್ನು ಉಚಿತವಾಗಿ ನೋಡಬಹುದಾದ ಸರ್ಕಾರಿ ತಾಣ ಅದು. ಮೊಬೈಲ್ ಆ್ಯಪ್ ಕೂಡ ಇದೆ. ಪ್ರತಿ ಕೇಸಿಗೂ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಅದು ಗೊತ್ತಿದ್ದರೆ ಕೆಲಸ ಕ್ಷಣದಲ್ಲಿ ಮುಗಿಯಿತು. ಗೊತ್ತಿಲ್ಲದಿದ್ದರೆ ಪಾರ್ಟಿಯ ಹೆಸರಿನಿಂದ ಹುಡುಕಬೇಕು. ಆದರೆ ಅದಕ್ಕೆ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ, ಕೇಸ್ ದಾಖಲಾದ ವರ್ಷ ಎಲ್ಲವನ್ನೂ ನಾವೇ ಆರಿಸಬೇಕು. ಇಡೀ ರಾಜ್ಯದ ತಾಲ್ಲೂಕು ಕೋರ್ಟುಗಳನ್ನು ಒಂದೇ ಸಲ ಜಾಲಾಡಲು ಆಗುವುದಿಲ್ಲ.

ತುಮಕೂರು ಜಿಲ್ಲೆ, ತಿಪಟೂರು ಕೋರ್ಟ್ ಅಂತ ಆರಿಸಿ ಒಂದೊಂದೇ ವರ್ಷ ಹಾಕಿ ನೋಡಿದೆ. ಏನೂ ಇಲ್ಲ. ತುಮಕೂರಿನಲ್ಲೂ ಇಲ್ಲ. ಚಿಕ್ಕಮ್ಮ ಹೇಳಿದ್ದೇ ನಿಜವೇನೋ ಅಂತ ಒಂದು ಗಳಿಗೆ ಅನ್ನಿಸಿತು.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹಾಸನದಲ್ಲಿ ವಕೀಲಿ ಮಾಡುತ್ತಾಳೆ. ಅವಳಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವಳು ಹಾಕಿದ್ದು ಒಂದೇ ಪ್ರಶ್ನೆ. "ನಿಮ್ಮ ಚಿಕ್ಕಪ್ಪ ಯಾರಿಗಾದರೂ ಚೆಕ್ ಕೊಟ್ಟಿದ್ರಾ? ಅವರ ಬ್ಯಾಂಕ್ ಯಾವ ಊರಲ್ಲಿದೆ?"

ಈ ಪ್ರಶ್ನೆಯ ಹಿಂದೆ ಇರುವ ಕಾನೂನನ್ನು ಬಿಡಿಸಿ ಹೇಳಬೇಕು. ಚೆಕ್ ಬೌನ್ಸ್ ಆದಾಗ ಹಾಕುವ ಕೇಸು ಸಾಮಾನ್ಯವಾಗಿ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಬರುತ್ತದೆ. ಇದಕ್ಕೆ ಎಫ್‌ಐಆರ್ ಇರುವುದಿಲ್ಲ. ಹಣ ಬರಬೇಕಾದವರು ಸೀದಾ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡುತ್ತಾರೆ. ಹಾಗಾಗಿ ಪೊಲೀಸ್ ವೆಬ್‌ಸೈಟಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ. ಎರಡನೆಯದು, 2015ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಹಣ ಬರಬೇಕಾದವರು ತಮ್ಮ ಖಾತೆಗೆ ಚೆಕ್ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲೇ ಕೇಸ್ ನಡೆಯಬೇಕು. ಅಂದರೆ ಕೇಸು ಸಾಲ ಕೊಟ್ಟವರ ಊರಿನಲ್ಲಿ ಇರುತ್ತದೆ. ವಾರಂಟ್ ಮಾತ್ರ ನಮ್ಮೂರಿನ ಠಾಣೆಗೆ ಬರುತ್ತದೆ. ಪೇದೆ ನಮ್ಮವರು, ಕಡತ ಬೇರೆ ಕಡೆಯದು. ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಚೆಕ್ ವಿಷಯ ಎತ್ತಿದಾಗ ಚಿಕ್ಕಪ್ಪ ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದಾಗ ಅರಸೀಕೆರೆಯ ವ್ಯಾಪಾರಿಯೊಬ್ಬರ ಹತ್ತಿರ ಮುಂಗಡ ತಗೊಂಡಿದ್ದರಂತೆ. ಭದ್ರತೆಗೆ ಅಂತ ಸಹಿ ಹಾಕಿದ ಚೆಕ್ ಕೊಟ್ಟಿದ್ದರಂತೆ. "ಅರ್ಧಕ್ಕಿಂತ ಜಾಸ್ತಿ ತೀರಿಸಿದ್ದೆ. ಚೆಕ್ ವಾಪಸ್ ಕೇಳಿದ್ರೆ ಆಮೇಲೆ ಕೊಡ್ತೀನಿ ಅಂದ್ರು."

ಅರಸೀಕೆರೆ ನಮ್ಮ ಪಕ್ಕದ ಊರೇ. ಆದರೆ ಜಿಲ್ಲೆ ಹಾಸನ. ನಾನು ತುಮಕೂರು ಜಿಲ್ಲೆಯಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಹಾಸನ ಜಿಲ್ಲೆ, ಅರಸೀಕೆರೆ ಕೋರ್ಟ್ ಆರಿಸಿದೆ. ಹೆಸರಿನದ್ದೇ ಇನ್ನೊಂದು ತಲೆನೋವು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಸಿದ್ದಪ್ಪ ಅಂತಿದ್ದರೆ ಒಂದು ಡಿ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, ಜೊತೆಗೊಂದು ಎಚ್ ಸೇರಿಸುವವರೂ ಇದ್ದಾರೆ. ಪೂರ್ತಿ ಹೆಸರು ಹಾಕುವ ಬದಲು ತಪ್ಪಾಗಲಾರದ ಮೊದಲ ಮೂರು ನಾಲ್ಕು ಅಕ್ಷರ ಹಾಕುವುದೇ ವಾಸಿ. ಕನಿಷ್ಠ ಮೂರು ಅಕ್ಷರ ಬೇಕು. ಪಟ್ಟಿ ಉದ್ದ ಬರುತ್ತದೆ, ತಾಳ್ಮೆಯಿಂದ ಓದಬೇಕು. ಚಿಕ್ಕಪ್ಪನ ಹೆಸರಿನವರೇ ಬೇರೆ ಒಬ್ಬರು ಆ ಪಟ್ಟಿಯಲ್ಲಿದ್ದರು. ಅವರ ಕೇಸು ಬೇರೆ ಏನೋ. ಹೆಸರು ಹೊಂದಿತು ಅಂತ ಗಾಬರಿ ಬೀಳಬಾರದು, ಬೇರೆಯವರ ಮೇಲೆ ಆರೋಪ ಹೊರಿಸಲೂ ಬಾರದು. ಎದುರು ಪಾರ್ಟಿ ಯಾರು ಅಂತ ನೋಡಬೇಕು. 2021ರ ಪಟ್ಟಿಯಲ್ಲಿ ಆ ಕೊಬ್ಬರಿ ವ್ಯಾಪಾರಿಯ ಹೆಸರಿನ ಎದುರು ಚಿಕ್ಕಪ್ಪನ ಹೆಸರಿತ್ತು. ಸಿ.ಸಿ. ನಂಬರ್ (ಆ ಕೋರ್ಟಿನಲ್ಲಿ ಕ್ರಿಮಿನಲ್ ಕೇಸಿಗೆ ಕೊಡುವ ಸಂಖ್ಯೆ), 138ನೇ ಸೆಕ್ಷನ್, ಮುಂದಿನ ತಾರೀಖು, ಎಲ್ಲವೂ ಅಲ್ಲೇ ಇದ್ದವು.

ಆ ಪುಟದ ಕೆಳಗೆ ಕೇಸಿನ ಚರಿತ್ರೆ ಇರುತ್ತದೆ. ಯಾವ ದಿನ ಏನಕ್ಕೆ ಇಟ್ಟಿದ್ದರು ಅಂತ ಸಾಲಾಗಿ ಬರೆದಿರುತ್ತಾರೆ. ತಾರೀಖಿನ ಮೇಲೆ ಒತ್ತಿದರೆ ಆ ದಿನ ಕೋರ್ಟಿನಲ್ಲಿ ಏನಾಯಿತು ಎಂಬ ಚಿಕ್ಕ ಟಿಪ್ಪಣಿ ತೆರೆಯುತ್ತದೆ. ಒಂದೊಂದೇ ಓದುತ್ತಾ ಹೋದೆ. ಸಮನ್ಸ್. ಮತ್ತೆ ಸಮನ್ಸ್. ಆಮೇಲೆ ಜಾಮೀನು ಕೊಡಬಹುದಾದ ವಾರಂಟ್. ಆಮೇಲೆ ಆರೋಪಿ ಗೈರು, ಎನ್‌ಬಿಡಬ್ಲ್ಯೂ ಹೊರಡಿಸಿ. ಅದೇ ಸಾಲು ಮತ್ತೆ ಮತ್ತೆ. ಎಲ್ಲವೂ ಚಿಕ್ಕಪ್ಪ ಬಿಟ್ಟು ಬಂದಿದ್ದ ತಿಪಟೂರು ಪೇಟೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿದ್ದವು. ಅವರು ತೋಟಕ್ಕೆ ಬಂದು ನೆಲೆಸಿ ವರ್ಷಗಳಾಗಿದ್ದವು. ಕೇಸು ಅವರ ಬೆನ್ನ ಹಿಂದೆ ಇಷ್ಟು ದೂರ ನಡೆದುಬಿಟ್ಟಿತ್ತು.

ಓದುವಾಗ ನನಗೆ ಸಂಕಟವಾಯಿತು. ಇಷ್ಟೂ ಮಾಹಿತಿ ಎಲ್ಲರ ಕಣ್ಣೆದುರೇ ಇದೆ. ಆದರೆ ಯಾರಿಗೆ ಇದು ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೆ ಮಾತ್ರ ತಲುಪಿಲ್ಲ. ನಾನು ಓದಿದ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕೊಬ್ಬರಿ ಸುಲಿಯುವ ಮನುಷ್ಯ ಇದನ್ನು ಹೇಗೆ ಓದಬೇಕು? ಆರೋಪಿಗೆ ತನ್ನ ಮೇಲಿನ ಕೇಸು ತನ್ನ ಭಾಷೆಯಲ್ಲಿ ತಿಳಿಯಬೇಕಾದದ್ದು ದೊಡ್ಡ ಬೇಡಿಕೆ ಏನಲ್ಲ.

ಶನಿವಾರದ ಹೊತ್ತಿಗೆ ಸುದ್ದಿ ಊರಲ್ಲಿ ಹಬ್ಬಿತ್ತು. ಪರಿಚಯದವರೊಬ್ಬರು ಮನೆಗೆ ಬಂದು, ಇಂತಿಷ್ಟು ಕೊಟ್ಟರೆ ವಾರಂಟ್ ಕ್ಲೋಸ್ ಮಾಡಿಸ್ತೀನಿ ಅಂದರಂತೆ. ಚಿಕ್ಕಪ್ಪ ಒಪ್ಪುವುದರಲ್ಲಿದ್ದರು. ನಾನು ಬೇಡವೇ ಬೇಡ ಅಂದೆ. ವಾರಂಟನ್ನು ರದ್ದು ಮಾಡುವ ಅಧಿಕಾರ ಅದನ್ನು ಹೊರಡಿಸಿದ ಕೋರ್ಟಿಗೆ ಇದೆ, ಠಾಣೆಗಾಗಲಿ ಮಧ್ಯವರ್ತಿಗಾಗಲಿ ಇಲ್ಲ. ಕೋರ್ಟ್ ರದ್ದು ಮಾಡುವ ತನಕ ಅಥವಾ ಪೊಲೀಸರು ಜಾರಿ ಮಾಡುವ ತನಕ ವಾರಂಟ್ ಜೀವಂತವಾಗಿಯೇ ಇರುತ್ತದೆ. ಅದಕ್ಕೆ ವಾಯಿದೆ ಇಲ್ಲ. ದೇಶದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು. ಹಣ ಕೊಟ್ಟು ಸುಮ್ನೆ ಬದಿಗಿಡಿಸಿದರೆ ಅದು ಉದ್ಘೋಷಣೆ (ಇಂಥ ದಿನದೊಳಗೆ ಹಾಜರಾಗು ಅಂತ ಕೋರ್ಟ್ ಬಹಿರಂಗವಾಗಿ ಸಾರುವುದು), ಆಸ್ತಿ ಜಪ್ತಿ ಅಂತ ಬೆಳೆಯಬಹುದು. ಹತ್ತಾರು ವರ್ಷದ ಮೇಲೆ ಎಲ್‌ಪಿಸಿ (ಲಾಂಗ್ ಪೆಂಡಿಂಗ್ ಕೇಸ್) ಆರೋಪಿ ಸೆರೆ ಅಂತ ಪೇಪರಿನಲ್ಲಿ ಬರುವ ಸುದ್ದಿಗಳು ಹೀಗೆ ಉಳಿದುಹೋದ ಕೇಸುಗಳವೇ.

ಗೆಳತಿ ದಾರಿ ಹೇಳಿಕೊಟ್ಟಳು. ಮುಂದಿನ ತಾರೀಖಿನವರೆಗೆ ಕಾಯುವ ಹಾಗಿಲ್ಲ, ಸೋಮವಾರವೇ ಆರೋಪಿ ತಾನಾಗಿ ಕೋರ್ಟಿನ ಮುಂದೆ ಬರಲಿ. ಹಾಗೆ ಬಂದವರನ್ನು ಕೋರ್ಟ್ ನೋಡುವ ರೀತಿಯೇ ಬೇರೆ. ಎನ್‌ಬಿಡಬ್ಲ್ಯೂ ಅಂದಾಕ್ಷಣ ಜಾಮೀನೇ ಇಲ್ಲ ಅಂತ ಅರ್ಥವಲ್ಲ ಅಂತಲೂ ಹೇಳಿದಳು. ಚೆಕ್ ಬೌನ್ಸ್ ಜಾಮೀನು ಸಿಗುವ ಅಪರಾಧವೇ. ವಾರಂಟಿಗೆ ಮಾತ್ರ ಜಾಮೀನಿಲ್ಲ, ಕೋರ್ಟಿಗೆ ಬಂದು ಜಾಮೀನು ಪಡೆಯಬೇಕು. ಈ ಎರಡನ್ನು ಕಲಸಿಕೊಂಡೇ ಜನ ಓಡಿಹೋಗುತ್ತಾರೆ.

ಸೋಮವಾರ ಅವಳೇ ಅರಸೀಕೆರೆಗೆ ಬಂದಳು. ವಕಾಲತ್ತಿಗೆ ಸಹಿ ಆಯಿತು. ಕೇಸನ್ನು ಅವತ್ತೇ ತೆಗೆದುಕೊಳ್ಳಿ ಅಂತ ಅಡ್ವಾನ್ಸ್‌ಮೆಂಟ್ ಅರ್ಜಿ, ವಾರಂಟ್ ವಾಪಸ್ ಪಡೆಯಿರಿ ಅಂತ ರೀಕಾಲ್ ಅರ್ಜಿ, ಜಾಮೀನು ಅರ್ಜಿ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ರೀಕಾಲ್‌ಗೆ 72ನೇ ಸೆಕ್ಷನ್. ನಮ್ಮದು ಮೊದಲೇ ನಡೆಯುತ್ತಿದ್ದ ಕೇಸಾದ್ದರಿಂದ ಹಳೆಯ ಸಂಹಿತೆಯ (ಸಿಆರ್‌ಪಿಸಿ) 70(2)ರಲ್ಲೇ ಅರ್ಜಿ ಹಾಕಿದಳು. ಚಿಕ್ಕಮ್ಮನ ತಮ್ಮ ಪಹಣಿ, ಆಧಾರ್ ಹಿಡಿದುಕೊಂಡು ಜಾಮೀನು ನಿಲ್ಲಲು ಬಂದಿದ್ದರು.

ಕೇಸ್ ಕೂಗಿದಾಗ ಚಿಕ್ಕಪ್ಪ ಕೈ ಮುಗಿದು ನಿಂತರು. ಯಾಕೆ ಬರಲಿಲ್ಲ ಅಂತ ನ್ಯಾಯಾಧೀಶರು ಕೇಳಿದರು. ಮನೆ ಬದಲಾಯಿಸಿದ್ದರಿಂದ ಸಮನ್ಸ್ ಸಿಗಲಿಲ್ಲ ಅಂತ ಗೆಳತಿ ಹೇಳಿ, ತೋಟದ ಮನೆಯ ದಾಖಲೆ ತೋರಿಸಿದಳು. ಹೊಸ ವಿಳಾಸ ಕೋರ್ಟಿಗೆ ಕೊಡಬೇಕು, ಪ್ರತಿ ತಾರೀಖಿಗೂ ಬರಬೇಕು ಅಂತ ಹೇಳಿ ವಾರಂಟ್ ರೀಕಾಲ್ ಮಾಡಿದರು. ಜಾಮೀನೂ ಸಿಕ್ಕಿತು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಕೋರ್ಟ್ ಅಂದರೆ ನಮ್ಮ ಮನೆಯಲ್ಲಿ ಅಷ್ಟೊಂದು ಭಯ ಇತ್ತು. ಅಲ್ಲಿ ಮಾತಾಡಿಸಿದ ರೀತಿ ಮಾತ್ರ ತುಂಬ ಮೆದುವಾಗಿತ್ತು.

ಇನ್ನೊಂದು ಕೆಲಸ ಉಳಿದಿತ್ತು. ಕೋರ್ಟಿನಲ್ಲಿ ರೀಕಾಲ್ ಆದರೂ ವಾರಂಟಿನ ಕಾಗದ ನಮ್ಮೂರಿನ ಠಾಣೆಯಲ್ಲೇ ಇರುತ್ತದೆ. ರೀಕಾಲ್ ಆದ ವಿಷಯ ಅಲ್ಲಿಗೆ ತಲುಪುವಷ್ಟರಲ್ಲಿ ಪೇದೆ ಮತ್ತೆ ಮನೆಗೆ ಬರಬಹುದು. ವೆಬ್‌ಸೈಟಿನಲ್ಲೂ ಮಾಹಿತಿ ಬದಲಾಗಲು ಸಮಯ ಹಿಡಿಯಬಹುದು, ಅದನ್ನೇ ತೋರಿಸಿ ವಾದ ಮಾಡಲು ಆಗುವುದಿಲ್ಲ. ಹಾಗಾಗಿ ಆದೇಶದ ಪ್ರತಿ ತಗೊಂಡು ಅವತ್ತೇ ಸಂಜೆ ಠಾಣೆಗೆ ಹೋದೆವು. ಮನೆಗೆ ಬಂದಿದ್ದ ಪೇದೆಯೇ ಇದ್ದರು. ವಾರಂಟ್ ನೋಡಬಹುದಾ ಅಂತ ಕೇಳಿದೆ. ಹಿಡಿಯಲು ಬಂದಾಗ ತೋರಿಸಿ ಅಂತ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಅವರು ಬೇಸರವಿಲ್ಲದೆ ತೆಗೆದು ತೋರಿಸಿದರು. ಕೋರ್ಟಿನ ಸೀಲು, ನ್ಯಾಯಾಧೀಶರ ಸಹಿ, ಸಿ.ಸಿ. ನಂಬರ್, ಚಿಕ್ಕಪ್ಪನ ಹೆಸರು, ತಂದೆ ಹೆಸರು, ಹಳೆಯ ವಿಳಾಸ. ನಾನು ಪರದೆಯ ಮೇಲೆ ಓದಿದ್ದ ನಂಬರೇ ಅದು. "ಆ ಅಡ್ರೆಸ್‌ಗೆ ಎಷ್ಟು ಸಲ ಹೋಗಿ ಬಂದಿದ್ದೀನಿ ಸಾರ್, ಕೊನೆಗೆ ಕೊಬ್ಬರಿ ಮಂಡಿಯಲ್ಲಿ ವಿಚಾರಿಸಿ ತೋಟಕ್ಕೆ ಬಂದೆ" ಅಂದರು. ಆದೇಶದ ಪ್ರತಿ ಇಟ್ಟುಕೊಂಡು, ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದ ಸಹಿ, ಠಾಣೆಯ ಸೀಲು ಹಾಕಿಕೊಟ್ಟರು.

ಕೇಸು ಇನ್ನೂ ನಡೆಯುತ್ತಿದೆ. ತೀರಿಸಿದ ಹಣದ ಲೆಕ್ಕ ಚಿಕ್ಕಪ್ಪನ ಹಳೆಯ ಪುಸ್ತಕಗಳಲ್ಲಿ ಸಿಕ್ಕಿದೆ. ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದಾ ಅಂತ ಎರಡೂ ಕಡೆಯ ವಕೀಲರು ಮಾತಾಡುತ್ತಿದ್ದಾರೆ. ಸಿಎನ್‌ಆರ್ ನಂಬರನ್ನು ಚಿಕ್ಕಮ್ಮ ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಬರೆಸಿಕೊಂಡಿದ್ದಾರೆ. ಪ್ರತಿ ತಾರೀಖು ಆದ ಮೇಲೆ ಪಕ್ಕದ ತೋಟದ ಕಾಲೇಜು ಹುಡುಗಿಯನ್ನು ಕರೆದು, ಮೊಬೈಲಿನಲ್ಲಿ ಅದನ್ನು ಹಾಕಿಸಿ, ಅವತ್ತು ಏನು ಬರೆದಿದ್ದಾರೆ ಅಂತ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಾರೆ.