ಆರನೆಯ ವಾರದಲ್ಲಿ ಕಾಣಿಸಿದ ಕಾಮಣಿ

ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನಾನು ಶಸ್ತ್ರಚಿಕಿತ್ಸಕ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಮೇದೋಜೀರಕ ಗ್ರಂಥಿಯು ತನ್ನ ರಸದಿಂದ ತನ್ನನ್ನೇ ಸುಟ್ಟುಕೊಳ್ಳುವಾಗ, ಮೊದಲ ಎರಡು ವಾರ ನಮ್ಮ ಗಮನವೆಲ್ಲ ರೋಗಿಯ ಉಸಿರು, ಮೂತ್ರ ಮತ್ತು ರಕ್ತದೊತ್ತಡದ ಮೇಲೆಯೇ ಇರುತ್ತದೆ. ಅದನ್ನು ದಾಟಿ ಆತ ಗಂಜಿ ಕುಡಿಯತೊಡಗಿದ ದಿನ ಗೆದ್ದೆವು ಎಂದುಕೊಳ್ಳುತ್ತೇವೆ. ಹಾಗೆ ಅಂದುಕೊಂಡಿದ್ದರಿಂದ ನನ್ನಿಂದ ಆದ ತಪ್ಪೊಂದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ರೋಗಿ ಕುಷ್ಟಗಿ ಕಡೆಯ ಕೂಲಿಕಾರ. ಕಾಯಿಲೆ ಕುಡಿತದಿಂದ ಬಂದದ್ದು, ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ. ಹದಿನೇಳು ದಿನ ಐಸಿಯುನಲ್ಲಿದ್ದು, ನಾಲ್ಕನೆಯ ವಾರದಲ್ಲಿ ಮನೆಗೆ ಹೋದರು. ಆರನೆಯ ವಾರ ಮರುತಪಾಸಣೆಗೆ ಬಂದಾಗ ಕಾಮಣಿಯ ಅಳತೆಯಾದ ಬಿಲಿರುಬಿನ್ ಸ್ವಲ್ಪವೇ ಹೆಚ್ಚಿ 2.4 ಇತ್ತು, ಪಿತ್ತನಾಳ ಕಟ್ಟಿದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಮಿತಿಯ ನಾಲ್ಕು ಪಟ್ಟು ಏರಿತ್ತು. ಕಲ್ಲಿಲ್ಲದವರ ಪಿತ್ತನಾಳಕ್ಕೆ ಏನಾದೀತು ಎಂಬ ಭಾವನೆಯಲ್ಲಿ ನಾನು ಆ ಏರಿಕೆಯನ್ನು ಕುಡಿತದ ಯಕೃತ್ತಿನ ತಲೆಗೂ ಐಸಿಯುನಲ್ಲಿ ಕೊಟ್ಟ ಔಷಧಿಗಳ ತಲೆಗೂ ಕಟ್ಟಿ, ಎರಡು ವಾರ ಬಿಟ್ಟು ಬನ್ನಿ ಎಂದೆ. ಅವರ ಪತ್ನಿ ಹೊರಡದೆ ನಿಂತರು. “ಸಾಹೇಬ್ರ, ರಾತ್ರಿ ಪೂರಾ ಮೈ ಕೆರಕೊಂತಾರ, ನಿದ್ದೀನ ಇಲ್ಲ. ಬನಿಯನ್ನೂ ಹಳದಿ ಆಗೇತಿ” ಎಂದರು. ಮುಂಗೈಗಳ ಮೇಲೆ ಉಗುರಿನ ಗೀರುಗಳು ಒಣಗಿ ಕಪ್ಪಾಗಿದ್ದವು. ನಾನು ತುರಿಕೆಗೆ ಮಾತ್ರೆ ಬರೆದುಕೊಟ್ಟೆ.

ಅದಾದ ಒಂಬತ್ತನೆಯ ದಿನ ರೋಗಿ ಚಳಿಜ್ವರದಿಂದ ನಡುಗುತ್ತ ಬಂದರು. ಬಿಲಿರುಬಿನ್ 11ಕ್ಕೆ ಏರಿತ್ತು, ಪಿತ್ತನಾಳದಲ್ಲಿ ಸೋಂಕು ಆಗಿತ್ತು.

ಪಿತ್ತನಾಳವು ಕರುಳನ್ನು ಸೇರುವ ಮುನ್ನ ಮೇದೋಜೀರಕದ ತಲೆಭಾಗದ ಹಿಂದೆ, ಬಹಳಷ್ಟು ಜನರಲ್ಲಿ ಆ ಗ್ರಂಥಿಯ ಒಳಗಿಂದಲೇ, ಹಾದುಹೋಗುತ್ತದೆ ಎಂಬುದು ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗೂ ಗೊತ್ತು. ತಲೆಭಾಗ ಊದಿಕೊಂಡರೆ ನಾಳ ಒತ್ತಿಹೋಗುತ್ತದೆ. ನಾಲ್ಕು ವಾರಗಳ ನಂತರ ಸತ್ತ ಅಂಗಾಂಶ ಗೋಡೆ ಕಟ್ಟಿಕೊಂಡು ಗಡ್ಡೆಯಂತೆ ನಿಂತರೆ ಆ ಗಡ್ಡೆಯೂ ಒತ್ತುತ್ತದೆ. ಅದು ಕರಗಿದ ಮೇಲೂ ಉಳಿದ ಗಾಯದ ಕಲೆ ನಾಳವನ್ನು ಹಗ್ಗದಂತೆ ಬಿಗಿಯಬಹುದು. ಅಪರೂಪಕ್ಕೆ ರಕ್ತ ಸಂಚಾರ ನಿಂತು, ಕಿಣ್ವಗಳು ನಾಳದ ಗೋಡೆಯನ್ನೇ ಕೊರೆದು ಪಿತ್ತ ಸೋರುವುದೂ ಉಂಟು. ಹೊಟ್ಟೆಯ ದ್ರವ ಹೊರತೆಗೆಯಲು ಇಟ್ಟ ಡ್ರೈನ್ ಕೊಳವೆಯ ಕಂದು ದ್ರವ ಹಸಿರಿಗೆ ತಿರುಗಿದರೆ ಮೊದಲು ಆ ಅನುಮಾನವೇ ಬರಬೇಕು. ಆದರೆ ನಮ್ಮ ತಲೆಯಲ್ಲಿ ಪಿತ್ತನಾಳವೆಂದರೆ ಕಲ್ಲು, ಅದೂ ಮೊದಲ ಮೂರು ದಿನಗಳ ಮಾತು. ನೆದರ್ಲೆಂಡ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದ ನಂತರ, ಕಲ್ಲಿನಿಂದ ಬಂದ ಪ್ಯಾಂಕ್ರಿಯಾಟೈಟಿಸ್‌ನಲ್ಲಿಯೂ ನಾಳದ ಸೋಂಕಿಲ್ಲದಿದ್ದರೆ ಬಾಯಿಯಿಂದ ಎಂಡೊಸ್ಕೋಪ್ ಇಳಿಸಿ ಪಿತ್ತನಾಳದ ತಡೆ ತೆಗೆಯುವ ಆತುರದ ಇಆರ್‌ಸಿಪಿ ಬೇಡವೆಂಬುದು ಸರಿಯಾಗಿಯೇ ರೂಢಿಗೆ ಬಂದಿದೆ. ಆರನೆಯ ವಾರದ ನಾಳದ ಬಗ್ಗೆ ನಮ್ಮಲ್ಲಿ ಅಷ್ಟು ಚರ್ಚೆಯೇ ನಡೆಯುವುದಿಲ್ಲ.

ಸಿ.ಟಿ. ಸ್ಕ್ಯಾನ್‌ನಲ್ಲಿ ತಲೆಭಾಗದ ಗಡ್ಡೆಯೂ ಅದರ ಮೇಲೆ ಹಿಗ್ಗಿದ ನಾಳವೂ ಸ್ಪಷ್ಟವಾಗಿ ಕಂಡವು. ಗಡ್ಡೆಯನ್ನು ಖಾಲಿ ಮಾಡಿದರೆ ಕಾಮಣಿ ತಾನಾಗಿ ಇಳಿಯುವುದುಂಟು. ಸೋಂಕು ಹತ್ತಿದ ನಾಳ ಮಾತ್ರ ಕಾಯುವುದಿಲ್ಲ. ಆಂಟಿಬಯಾಟಿಕ್ ಆರಂಭಿಸಿ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದ್ದರಿಂದ ವಿಟಮಿನ್ ಕೆ ಕೊಟ್ಟು, ಅಂದೇ ಇಆರ್‌ಸಿಪಿಗಾಗಿ ಹುಬ್ಬಳ್ಳಿಗೆ ಕಳಿಸಿದೆವು. ಸಣ್ಣ ಕರುಳಿನ ಊದಿದ ಮೊದಲ ಭಾಗ, ಅಂದರೆ ಡ್ಯುಯೊಡಿನಮ್‌ನಿಂದಾಗಿ ಎಂಡೊಸ್ಕೋಪ್ ದಾರಿ ಸಿಗದಿದ್ದರೆ ಪಕ್ಕೆಯಿಂದ ಯಕೃತ್ತಿನ ಮೂಲಕ ಕೊಳವೆ ಇಡಬೇಕಾಗುತ್ತಿತ್ತು. ಅದೃಷ್ಟಕ್ಕೆ ನಾಳವನ್ನು ತೆರೆದಿಡುವ ಕೊಳವೆ, ಅಂದರೆ ಸ್ಟೆಂಟ್, ಎಂಡೊಸ್ಕೋಪ್ ದಾರಿಯಲ್ಲೇ ಕೂತಿತು.

ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಬದಲಿಸದಿದ್ದರೆ ಅದೇ ಸೋಂಕು ಮರಳುತ್ತದೆ. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ: ಕೈಕಾಲು ಗಟ್ಟಿಯಾದ ಕೂಡಲೇ ಜನ ಗುಳೆ ಹೋಗುತ್ತಾರೆ, ಹೊಟ್ಟೆಯೊಳಗೆ ಕೊಳವೆ ಇರುವುದು ನೋವಿಲ್ಲದ ದಿನಗಳಲ್ಲಿ ನೆನಪಾಗುವುದಿಲ್ಲ. ಆದ್ದರಿಂದ ಈಗ ಸ್ಟೆಂಟ್ ಬದಲಿಸುವ ದಿನಾಂಕವನ್ನು ರೋಗಿಯ ಚೀಟಿಯಲ್ಲಿಯೂ ನಮ್ಮ ಪುಸ್ತಕದಲ್ಲಿಯೂ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಕಲ್ಲಿರಲಿ, ಇಲ್ಲದಿರಲಿ, ತೀವ್ರ ಪ್ಯಾಂಕ್ರಿಯಾಟೈಟಿಸ್‌ನಿಂದ ಎದ್ದುಹೋಗುವ ಪ್ರತಿಯೊಬ್ಬರ ಚೀಟಿಯಲ್ಲಿ “ತುರಿಕೆ, ಕಡು ಹಳದಿ ಮೂತ್ರ, ಬಿಳಿಚಿದ ಮಲ, ಚಳಿಜ್ವರ, ಇವುಗಳಲ್ಲಿ ಒಂದು ಕಂಡರೂ ಅಂದೇ ಬನ್ನಿ” ಎಂದು ಸೇರಿಸುತ್ತೇವೆ.

ಆ ಕೂಲಿಕಾರರು ಎರಡನೆಯ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಬೆಂಗಳೂರಿಗೆ ಗುಳೆ ಹೋದರು. ಚೀಟಿ ಅವರ ಪತ್ನಿಯ ಎಲೆಅಡಿಕೆ ಸಂಚಿಯಲ್ಲಿತ್ತು. ಬರೆದ ದಿನಕ್ಕಿಂತ ಎರಡು ದಿನ ಮೊದಲೇ ಇಬ್ಬರೂ ಬಂದು ನಮ್ಮ ಓಪಿಡಿಯ ಬೆಂಚಿನ ಮೇಲೆ ಕೂತಿದ್ದರು.