ಕಿಟಕಿಯ ಮೊಳೆಗೆ ಸಿಕ್ಕ ನೂಲು

ನಮ್ಮ ಇಂಗ್ಲಿಷ್ ಮಾಸ್ತರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಕೇಳಿದಾಗ ಅವರು ಕಲಿಸಿದ ಪದ್ಯ, ವ್ಯಾಕರಣ ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದು ಒಂದು ನೂಲಿನ ಉಂಡೆ.

ಗುಳೇದಗುಡ್ಡದಲ್ಲಿ ಆಗ ಯಾವ ಓಣಿಗೆ ಹೋದರೂ ಖಣ ನೇಯುವ ಮಗ್ಗದ ಸದ್ದು. ನಾನು ಎಂಟನೇ ಇಯತ್ತೆ. ಗಾಳಿಪಟಕ್ಕೆಂದು ಅಪ್ಪನ ಮಗ್ಗದ ಪಕ್ಕದಿಂದ ನೂಲು ಎತ್ತಿ, ಉಂಡೆ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೆ. ಮಧ್ಯಾಹ್ನ ಕ್ಲಾಸು ತಪ್ಪಿಸಿ ಮೂವರು ಹಿಂದಿನ ಕಿಟಕಿಯಿಂದ ಹಾರಿದೆವು. ನೂಲಿನ ತುದಿ ಕಿಟಕಿಯ ಮೊಳೆಗೆ ಸಿಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಓಡಿದಷ್ಟೂ ಉಂಡೆ ಬಿಚ್ಚಿಕೊಳ್ಳುತ್ತಾ ಬಂತು. ಹುಣಸೆ ಮರದ ಹಿಂದೆ ಕೂತು ಕಾಯಿ ತಿನ್ನುತ್ತಿದ್ದರೆ, ಮಾಸ್ತರು ನಿಧಾನಕ್ಕೆ ನೂಲು ಸುತ್ತುತ್ತಾ ಸುತ್ತುತ್ತಾ ನಮ್ಮೆದುರಿಗೆ ಬಂದು ನಿಂತರು.

ಹೊಡೆಯಲಿಲ್ಲ. ಉಂಡೆ ಎತ್ತಿ ಹಿಡಿದು, "ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ ಗೊತ್ತೇನ್ಲೇ? ಕ್ಲೂ!" ಅಂದರು.

ಅಲ್ಲೇ ಪಾಠ ಶುರುವಾಯಿತು. ಹಳೇ ಇಂಗ್ಲಿಷಿನಲ್ಲಿ ನೂಲಿನ ಉಂಡೆಗೆ ಕ್ಲಿವೆನ್ ಅನ್ನುತ್ತಿದ್ದರಂತೆ. ಅದೇ ಮುಂದೆ 'ಸಿ ಎಲ್ ಈ ಡಬ್ಲ್ಯೂ', ಕ್ಲೂ ಆಯಿತು. ಗ್ರೀಕರ ಕಥೆಯಲ್ಲಿ ಥೀಸಿಯಸ್ ಕ್ರೀಟ್ ದ್ವೀಪದ ಚಕ್ರವ್ಯೂಹದಂಥ ಕಟ್ಟಡ ಹೊಕ್ಕು, ಗೂಳಿ ತಲೆಯ ರಾಕ್ಷಸನನ್ನು ಕೊಂದ. ಅಲ್ಲಿನ ರಾಜಕುಮಾರಿ ಅರಿಯಾಡ್ನೆ ಕೊಟ್ಟ ನೂಲು ಹಿಡಿದೇ ಹೊರಗೆ ಬಂದ. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಈ ಕಥೆ ಹೇಳುವಾಗ ಬಳಸಿದ್ದೂ ಇದೇ ಪದವನ್ನು. ದಾರಿ ತೋರಿಸಿದ ನೂಲು ಬರಬರುತ್ತಾ ಸುಳಿವು ಆಯಿತು. ಕೊನೆಯ 'ಈ ಡಬ್ಲ್ಯೂ' ಹೋಗಿ 'ಯು ಈ' ಬಂತು. ಹಡಗಿನವರು ಮಾತ್ರ ಹಾಯಿಯ ಕೆಳಮೂಲೆಗೆ ಈಗಲೂ ಹಳೇ ಸ್ಪೆಲಿಂಗೇ ಇಟ್ಟುಕೊಂಡಿದ್ದಾರೆ. "ನಾವೂ ಎಳಿ ಸಿಕ್ತು ಅಂತೀವಲ್ಲ, ಅದೇ ಇದು," ಅಂದರು ಮಾಸ್ತರು. ನೇಕಾರರ ಮಕ್ಕಳಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಾ?

ಮುಂದೆ ನಾನೂ ಇಂಗ್ಲಿಷ್ ಅಧ್ಯಾಪಕನಾದೆ. ಮೂವತ್ತು ವರ್ಷ ಪಾಠ ಮಾಡಿದೆ. ಪದದ ಬೇರು ಹೇಳದೆ ಅರ್ಥ ಹೇಳಿದವನಲ್ಲ. ನನ್ನ ವಿದ್ಯಾರ್ಥಿಗಳು ಸಿಕ್ಕಾಗ ಇದನ್ನೇ ನೆನೆಯುತ್ತಾರೆ, ನನಗೂ ಹೆಮ್ಮೆ ಅನಿಸುತ್ತದೆ. ಈಗ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗೀತು. ಒಂದು ಪದ ಹಿಡಿದು ಅರ್ಧ ಗಂಟೆ ಮರದ ಕೆಳಗೆ ಕೂರುವ ಪುರುಸೊತ್ತು ಮಕ್ಕಳಿಗೂ ಇಲ್ಲ, ಕಲಿಸುವವರಿಗೂ ಇಲ್ಲ.

ಅವತ್ತಿನ ನೂಲು ಎಲ್ಲೂ ಹರಿದಿರಲಿಲ್ಲ. ಮಾಲೀಕರು ತೂಕ ಮಾಡಿ ಕೊಡುತ್ತಿದ್ದ ನೂಲು ಅದು. ಕಡಿಮೆ ಬಿದ್ದರೆ ಅಪ್ಪನ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಮಾಸ್ತರಿಗೆ ಅದು ಗೊತ್ತಿತ್ತು. ಕಂಟಿಗೆ ಸಿಕ್ಕಲ್ಲೆಲ್ಲ ಬಗ್ಗಿ, ಮುಳ್ಳಿನಿಂದ ಬಿಡಿಸಿ ತಂದಿದ್ದರು. ಅವರ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಉಂಡೆಯನ್ನು ನನ್ನ ಕೈಗಿಟ್ಟು, "ಸಂಜಿಗೆ ಅಪ್ಪಗ ಕೊಡು," ಅಂದರು.