ಲಿನಕ್ಸ್ ಹಾಕ್ಯಂಡ್ರೆ ನಮ್ಮ ಆಕ್ಸೆಸ್ ಫೈಲು ಎಂತಾಗ್ತು?

ಶಿರಸಿ ಪೇಟೆಯಲ್ಲಿ ಅಡಿಕೆ ವಖಾರಿಯವರಿರಲಿ, ಸಣ್ಣ ಸೊಸೈಟಿಯ ಗುಮಾಸ್ತರಿರಲಿ, ಎದುರಿಗೆ ಸಿಕ್ಕರೆ ಈಗ ಇದೇ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೇ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾರಣ ವಿಂಡೋಸ್ 11 ಒಪ್ಪುವುದಿಲ್ಲ. ಯಂತ್ರ ಮಾತ್ರ ಗಟ್ಟಿಮುಟ್ಟಾಗಿದೆ, ಎಸೆಯಲು ಮನಸ್ಸಿಲ್ಲ. ಲಿನಕ್ಸ್‌ನ ಬಗೆಗಳಾದ ಉಬುಂಟುವೋ ಮಿಂಟೋ ಹಾಕಿಸೋಣ ಎಂದರೆ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ವರ್ಷಾನುಗಟ್ಟಲೆ ಲೆಕ್ಕ ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಕೂತಿದೆ. ಆಕ್ಸೆಸ್ ಇರುವುದು ವಿಂಡೋಸ್‌ಗೆ ಮಾತ್ರ. ಮ್ಯಾಕ್‌ಗೂ ಎಕ್ಸೆಲ್ ಉಂಟು, ಆಕ್ಸೆಸ್ ಇಲ್ಲ.

ನಾನು ಹೇಳುವುದಿಷ್ಟೇ: ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಕಟ್ಟಕಡೆಗೆ ಬದಲಿಸಿ. ಮೊದಲು ಡೇಟಾ, ಆಮೇಲೆ ಫಾರಂ, ಆಮೇಲೆ ಓಎಸ್.

ಆಕ್ಸೆಸ್ ಫೈಲಿನಲ್ಲಿ ಎರಡು ಬೇರೆ ಬೇರೆ ವಸ್ತು ಒಟ್ಟಿಗೆ ಇರುತ್ತವೆ. ಒಂದು ಟೇಬಲ್‌ಗಳು, ಇವನ್ನು ಸಾಗಿಸುವುದು ಸುಲಭ. ಇನ್ನೊಂದು ಫಾರಂ, ರಿಪೋರ್ಟು, ಅವುಗಳ ಹಿಂದೆ ಕೆಲಸ ಮಾಡುವ ವಿಬಿಎ ಎಂಬ ಭಾಷೆಯ ಕೋಡು. ಇವನ್ನು ಇದ್ದ ಹಾಗೇ ಎತ್ತಿ ಲಿನಕ್ಸ್‌ನಲ್ಲಿ ಇಡುವ ಸಾಧನವನ್ನು ನಾನು ಕಂಡಿಲ್ಲ, ಮತ್ತೆ ಬರೆಯಲೇಬೇಕು. ಹಾಗಾಗಿ ಟೇಬಲ್‌ಗಳನ್ನು ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್ ಸರ್ವರ್‌ಗೆ ಹಾಕಿ, ಓಡಿಬಿಸಿ ಎಂಬ ಜೋಡಣೆಯ ಮೂಲಕ ಆಕ್ಸೆಸ್‌ಗೆ ಲಿಂಕ್ ಮಾಡಿ. ಗುಮಾಸ್ತರಿಗೆ ಅದೇ ಸ್ಕ್ರೀನು, ಅದೇ ಬಟನ್ನು. ಅತ್ತ ನೀವು ಒಂದೊಂದೇ ಫಾರಂ ಹೊಸದಾಗಿ ಬರೆಯುತ್ತಾ ಹೋಗಬಹುದು. ಸುಗ್ಗಿಯ ಸಮಯದಲ್ಲಿ ವಖಾರಿ ನಿಲ್ಲುವುದಿಲ್ಲ.

ಫಾರಂ ಬರೆಯಲು ನನ್ನ ಆಯ್ಕೆ ಲಜಾರಸ್, ಪಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಂ ಕಟ್ಟುವ ಉಚಿತ ಸಾಧನ. ಅದರಂಥದ್ದೇ ಆದ ಡೆಲ್ಫಿ ಗೊತ್ತಿದ್ದವರಿಗೆ ಕೈ ತಾನೇ ಓಡುತ್ತದೆ. ಪಾಸ್ಕಲ್ ಹಳೇ ಭಾಷೆ ಎಂದು ಮೂಗು ಮುರಿಯುವವರು ಮುರಿಯಲಿ. ಒಂದೇ ಸೋರ್ಸು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಕಂಪೈಲ್ ಆಗುತ್ತದೆ, ಈ ಕೆಲಸಕ್ಕೆ ಬೇಕಾದದ್ದೇ ಅದು. ನಾಲ್ಕು ಟೇಬಲ್, ಎರಡು ರಿಪೋರ್ಟು ಇದ್ದರೆ ಉಚಿತ ಲಿಬ್ರೆಆಫೀಸ್‌ನ ಡೇಟಾಬೇಸ್ ಭಾಗವಾದ ಬೇಸ್ ಸಾಕು, ಆದರೆ ಡೇಟಾವನ್ನು ಅದರ ಹೊಟ್ಟೆಯೊಳಗೆ ಇಡಬೇಡಿ, ಹೊರಗಿನ ಡೇಟಾಬೇಸಿಗೆ ಜೋಡಿಸಿ. ಡಿಬೀವರ್ ಎಂಬ ಸಾಧನವೂ ಒಳ್ಳೆಯದೇ, ಆದರೆ ಅದು ಟೇಬಲ್ ಇಣುಕಿ ನೋಡಲು. ಕೌಂಟರಿನವರ ಕೈಗೆ ಕೊಡುವಂಥದ್ದಲ್ಲ. ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಸುವ ವೈನ್‌ನಲ್ಲಿ ಆಕ್ಸೆಸ್ ಓಡಿಸುವ ಸಾಹಸ ಮನೆಯಲ್ಲಿ ಮಾಡಿ, ಅಂಗಡಿಯಲ್ಲಿ ಬೇಡ. ಮೈಕ್ರೋಸಾಫ್ಟಿನ ಇನ್ನೊಂದು ಡೇಟಾಬೇಸ್ ಆದ ಫಾಕ್ಸ್‌ಪ್ರೊದವರ ಕಷ್ಟ ಇನ್ನೂ ಹಳೆಯದು, ಅದರ ಬೆಂಬಲ 2015ರಲ್ಲೇ ಮುಗಿದಿದೆ. ಅದರ ಡಿಬಿಎಫ್ ಫೈಲುಗಳನ್ನು ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ ಎಂಬುದೊಂದು ಸಮಾಧಾನ.

ಸರ್ವರ್ ಬೇಡದ, ಒಂದೇ ಫೈಲಿನ ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಲದೇ ಎಂದು ಕೇಳುತ್ತಾರೆ. ಒಂದೇ ಕಂಪ್ಯೂಟರ್ ಆದರೆ ಸಾಕು. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೂ ಅರ್ಧ ಬರೆದ ಎಂಟ್ರಿಯನ್ನು ಮುಂದಿನ ಸಲ ತೆರೆದಾಗ ತಾನೇ ರದ್ದು ಮಾಡಿಕೊಳ್ಳುತ್ತದೆ. ಆದರೆ ಅದರಲ್ಲಿ ಹಣಕ್ಕೆಂದು ನಿಖರ ದಶಾಂಶದ ಬಗೆ ಇಲ್ಲ. ಆಕ್ಸೆಸ್‌ನ ಕರೆನ್ಸಿ ಕಾಲಂ ಅಲ್ಲಿಗೆ ಹೋದರೆ ಪೈಸೆ ತಪ್ಪೀತು. ಎಲ್ಲವನ್ನೂ ಪೈಸೆಯ ಪೂರ್ಣಾಂಕ ಮಾಡಿ ಇಡಿ. ಎರಡು ಕೌಂಟರ್ ಇದ್ದು ಶೇರ್ಡ್ ಫೋಲ್ಡರಿನಲ್ಲಿ ಫೈಲ್ ಇಡುವ ಯೋಚನೆಯಿದ್ದರೆ ಅದು ಬೇಡ, ಪೋಸ್ಟ್‌ಗ್ರೆಸ್ ಅಥವಾ ಅದರಂಥದ್ದೇ ಸರ್ವರ್ ಮಾರಿಯಾಡಿಬಿ ಸರಿ.

ಟೇಬಲ್ ಸಾಗಿಸುವಾಗ ನಮ್ಮ ಕಡೆಯ ದೊಡ್ಡ ತಲೆನೋವು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಹಳೇ ಫಾಂಟಿನಲ್ಲಿ ಟೈಪು ಮಾಡಿದ ಬೆಳೆಗಾರರ ಹೆಸರುಗಳು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಫಾಂಟು ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಅಕ್ಷರಗಳಿಗೆ ಪರಿವರ್ತಿಸಲೇಬೇಕು, ಅದೂ ಕಾಲಂ ಲೆಕ್ಕದಲ್ಲಿ. ಇಡೀ ಫೈಲನ್ನು ಪರಿವರ್ತಕಕ್ಕೆ ಹಾಕಿದರೆ ನಿಜವಾಗಿ ಇಂಗ್ಲಿಷ್‌ನಲ್ಲೇ ಇದ್ದ ಜಿಎಸ್‌ಟಿ ನಂಬರೂ ಕನ್ನಡವಾಗಿ ಕೆಟ್ಟು ಕೂರುತ್ತದೆ. ತಾರೀಖನ್ನೂ ನೋಡಿ: ಆಕ್ಸೆಸ್ ಫೈಲಿನ ಡೇಟಾವನ್ನು ಲಿನಕ್ಸ್‌ನ ಎಂಡಿಬಿ ಟೂಲ್ಸ್ ಎಂಬ ಸಾಧನದಲ್ಲಿ ಹೊರತೆಗೆಯುವಾಗ ನಮೂನೆ ಹೇಳದಿದ್ದರೆ ತಿಂಗಳು ಮೊದಲು ಬರಬಹುದು, ಜೂನ್ 5 ಮೇ 6 ಆಗಿ ಓದಿಸಿಕೊಳ್ಳುತ್ತದೆ, ಯಾವ ಎರರೂ ಕೊಡದೆ.

ಕೊನೆಗೆ ಓಎಸ್. ಅಳಿಸುವ ಮೊದಲು ಪೆನ್‌ಡ್ರೈವಿನಿಂದ ಉಬುಂಟು ಬೂಟ್ ಮಾಡಿ, ನಿಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಒಂದು ಬಿಲ್ಲು ಹೊಡೆದು ನೋಡಿ. ಬಾರದಿದ್ದರೆ ಆ ಒಂದು ಯಂತ್ರ ಇಂಟರ್‌ನೆಟ್ ಇಲ್ಲದೆ ವಿಂಡೋಸ್‌ನಲ್ಲೇ ಬಿಲ್ಲು ಹೊಡೆಯುತ್ತಿರಲಿ, ಉಳಿದವು ಲಿನಕ್ಸ್‌ಗೆ ಹೋಗಲಿ. ಡೇಟಾ ಪೋಸ್ಟ್‌ಗ್ರೆಸ್‌ನಲ್ಲಿದ್ದರೆ ಎರಡೂ ಒಟ್ಟಿಗೆ ನಡೆಯುತ್ತವೆ.